ಸ್ಕಿಪ್ಟನ್ ಸುತ್ತ ಒಂದು ದಿನ: ಮಕ್ಕಳು, ಅಜ್ಜ-ಅಜ್ಜಿ ಜೊತೆಗಿದ್ದರೆ ಎಲ್ಲಿಗೆ ಹೋಗೋದು?

ಲೀಡ್ಸ್‌ನಲ್ಲಿ ರೈಲು ಹತ್ತಿದರೆ ಸುಮಾರು ಮುಕ್ಕಾಲು ಗಂಟೆಯಲ್ಲಿ ಸ್ಕಿಪ್ಟನ್ ಬರುತ್ತದೆ. ಇಂಗ್ಲೆಂಡಿನ ಉತ್ತರ ಯಾರ್ಕ್‌ಶೈರ್‌ನ ಹಳೆಯ ಸಂತೆ ಊರು ಇದು. ಬೀದಿಯ ಮೇಲ್ತುದಿಯಲ್ಲಿ ಕೋಟೆ, ಕೆಳಗೆ ಕಾಲುವೆ, ನಡುವೆ ಸಂತೆ. ಊರು ದಾಟಿದ ಕೂಡಲೇ ಡೇಲ್ಸ್ ಕಣಿವೆಗಳು ಶುರುವಾಗುತ್ತವೆ. ಲೀಡ್ಸ್, ಬ್ರ್ಯಾಡ್‌ಫರ್ಡ್, ಮ್ಯಾಂಚೆಸ್ಟರ್ ಕಡೆ ಇರುವ ನಮ್ಮವರಿಗೆ ಇದು ಒಂದೇ ದಿನದಲ್ಲಿ ಹೋಗಿ ಬರುವಷ್ಟು ಹತ್ತಿರ. ಬೇಸಿಗೆಯಲ್ಲಿ ಊರಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬಂದಿರುತ್ತಾರೆ. ಮಕ್ಕಳಿಗೂ ರಜೆ. ಶನಿವಾರ ಎಲ್ಲಿಗೆ ಹೋಗೋಣ ಅನ್ನೋ ಮಾತು ಬುಧವಾರದಿಂದಲೇ ಮನೆಯಲ್ಲಿ ನಡೆಯುತ್ತದೆ.

ಈ ಸುತ್ತಿನಲ್ಲಿ ಜಾಗಗಳಿಗೇನೂ ಬರ ಇಲ್ಲ. ಬೋಲ್ಟನ್ ಅಬ್ಬೆ, ಮಾಲಮ್, ಇಂಗಲ್ಟನ್, ಸ್ಕಿಪ್ಟನ್ ಕೋಟೆ, ಉಗಿಬಂಡಿಗಳು, ಗುಹೆಗಳು, ಎಲ್ಲವೂ ಚೆನ್ನ. ಎಲ್ಲವೂ ಎಲ್ಲರಿಗೂ ಅಲ್ಲ ಅಷ್ಟೇ. ಯಾವುದು ಜಾಸ್ತಿ ಹೆಸರುವಾಸಿ ಅಂತ ನೋಡಿ ಹೊರಟರೆ ಅರ್ಧ ಮನೆಯವರು ಕಾರಿನಲ್ಲೇ ಕೂತಿರಬೇಕಾಗುತ್ತದೆ. ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ನಡೆಯುವವರು ಯಾರು? ಮಂಡಿ ನೋವಿರುವ ಅಮ್ಮನೋ, ಪ್ರಾಮ್‌ನಲ್ಲಿರುವ ಮಗುವೋ? ಅವರಿಗೆ ಯಾವ ಜಾಗ ಹಿತ ಅಂತ ನೋಡಿ, ಅದನ್ನೇ ಆರಿಸಿ. ಮಳೆ, ಕಾರು, ಖರ್ಚು ಎಲ್ಲ ಆಮೇಲಿನ ಮಾತು.

ಬೋಲ್ಟನ್ ಅಬ್ಬೆಯೋ, ಮಾಲಮ್ಮೋ?

ಮೊದಲ ಸಲ ಹೋಗುವ ಬಹುತೇಕ ಮನೆಗಳಲ್ಲಿ ಪ್ರಶ್ನೆ ಬಂದು ನಿಲ್ಲುವುದು ಇಲ್ಲೇ. ಎರಡೂ ಸ್ಕಿಪ್ಟನ್‌ಗೆ ಹತ್ತಿರ. ಬೋಲ್ಟನ್ ಅಬ್ಬೆ ಪೂರ್ವಕ್ಕೆ 6 ಮೈಲಿ. ಮಾಲಮ್ ವಾಯವ್ಯಕ್ಕೆ, ಸುಮಾರು ಅದರ ಎರಡರಷ್ಟು ದೂರ. ಕೊನೆಯ ಕೆಲವು ಮೈಲಿ ಕಲ್ಲುಗೋಡೆಗಳ ನಡುವಿನ ಕಿರಿದಾದ ರಸ್ತೆ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಹಿಂದೆ ಸರಿಯಬೇಕು.

ಬೋಲ್ಟನ್ ಅಬ್ಬೆ ಡೆವನ್‌ಶೈರ್ ಡ್ಯೂಕ್ ಮನೆತನದ ಎಸ್ಟೇಟು. ವಾರ್ಫ್ ಹೊಳೆಯ ದಂಡೆಯಲ್ಲಿ 12ನೇ ಶತಮಾನದ ಕ್ರೈಸ್ತ ಮಠವಿದೆ. 1154ರಲ್ಲಿ ಎಂಬ್ಸೆಯ ಸನ್ಯಾಸಿಗಳು ಇಲ್ಲಿಗೆ ಬಂದು ನೆಲೆಸಿದರು. ಎಂಟನೇ ಹೆನ್ರಿ ಇಂಗ್ಲೆಂಡಿನ ಮಠಗಳನ್ನೆಲ್ಲ ಮುಚ್ಚಿಸಿದಾಗ ಇದೂ ಮುಚ್ಚಿತು. ಅರ್ಧ ಕಟ್ಟಡ ಚಾವಣಿಯಿಲ್ಲದೆ ಆಕಾಶಕ್ಕೆ ತೆರೆದು ನಿಂತಿದೆ. ಇನ್ನರ್ಧ ಇವತ್ತಿಗೂ ಊರಿನ ಚರ್ಚು, ಪ್ರಾರ್ಥನೆ ನಡೆಯುತ್ತದೆ. ಮಠ ನೋಡೋದಕ್ಕೆ ಬೇರೆ ಟಿಕೆಟ್ ಇಲ್ಲ. ಇಲ್ಲಿ ಹಣ ಹೋಗುವುದು ಮುಖ್ಯವಾಗಿ ಕಾರ್ ಪಾರ್ಕಿಂಗ್‌ಗೆ. ಆ ದರ ಕಡಿಮೆಯೇನಲ್ಲ. ಹಾಗಾಗಿ ಎರಡು ಗಂಟೆಗೆ ಅಂತ ಹೋಗಬೇಡಿ, ಇಡೀ ದಿನಕ್ಕೆ ಹೋಗಿ.

ಮಕ್ಕಳಿಗೆ ಇಲ್ಲಿ ಬೇಕಾಗಿರುವುದು ಮಠದ ಕೆಳಗೇ ಇದೆ. ಹೊಳೆಯ ಈ ದಡದಿಂದ ಆ ದಡಕ್ಕೆ ಸಾಲಾಗಿ ದಾಟುಗಲ್ಲುಗಳು, ಸುಮಾರು ಅರವತ್ತು. ಮೊದಲ ಹತ್ತು ಕಲ್ಲು ಮಕ್ಕಳು ಓಡುತ್ತಲೇ ದಾಟುತ್ತಾರೆ. ನಡುಹೊಳೆಗೆ ಬಂದಾಗ ಕಲ್ಲಿನ ಅಂಚಿಗೆ ನೀರು ಬಡಿಯುತ್ತಿರುತ್ತದೆ, ಎದುರಿನಿಂದಲೂ ಯಾರೋ ಬರುತ್ತಿರುತ್ತಾರೆ. ಆಗ ಅಪ್ಪನ ಕೈ ಬೇಕಾಗುತ್ತದೆ. ಪಕ್ಕದಲ್ಲೇ ಮರದ ಸೇತುವೆ ಇದೆ. ಅಜ್ಜಿ ಸೇತುವೆ ಮೇಲಿಂದ, ಮೊಮ್ಮಕ್ಕಳು ಕಲ್ಲಿನ ಮೇಲಿಂದ, ಎಲ್ಲರೂ ಒಟ್ಟಿಗೆ ಆ ದಡ ಸೇರಬಹುದು. ನೀರು ಏರಿದ ದಿನ ಮಾತ್ರ ಎಲ್ಲರೂ ಸೇತುವೆಯಲ್ಲೇ ಹೋಗಿ. ದಂಡೆಯಲ್ಲಿ ಮರಳಿದೆ. ಬಿಸಿಲಿದ್ದ ದಿನ ಮಕ್ಕಳು ಬಕೆಟ್ಟು, ಸಲಿಕೆ ಹಿಡಿದು ಮಧ್ಯಾಹ್ನವಿಡೀ ಅಲ್ಲೇ ಇರುತ್ತಾರೆ. ಹುಲ್ಲಿನ ಮೇಲೆ ಚಾಪೆ ಹಾಸಿ ಹಿರಿಯರು ಕಾಲು ಚಾಚಿ ಕೂರಬಹುದು. ಮೂರು ತಲೆಮಾರು ಒಂದೇ ಜಾಗದಲ್ಲಿ, ಒಬ್ಬರಿಗೊಬ್ಬರು ಕಾಣುವ ಹಾಗೆ ಇರೋದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಈ ಸುತ್ತಿನಲ್ಲಿ ನಾನು ಕಂಡಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮಠದಿಂದ ಹೊಳೆಯ ಮೇಲಕ್ಕೆ ನಡೆದರೆ ಕಾಡಿನ ನಡುವೆ ಸ್ಟ್ರಿಡ್ ಅನ್ನೋ ಜಾಗ ಸಿಗುತ್ತದೆ. ಅಗಲವಾಗಿ ಹರಿದು ಬಂದ ವಾರ್ಫ್ ಅಲ್ಲಿ ಎರಡು ಬಂಡೆಗಳ ನಡುವಿನ ಸಣ್ಣ ಇಕ್ಕಟ್ಟಿಗೆ ನುಗ್ಗುತ್ತದೆ. ನೋಡೋದಕ್ಕೆ ಹಾರಿ ದಾಟಬಹುದು ಅನ್ನಿಸುವಷ್ಟೇ ಅಗಲ. ಒಳಗೆ ಬಂಡೆ ಕೊರೆದು ಪೊಳ್ಳಾಗಿದೆ. ಬಿದ್ದವರನ್ನು ನೀರು ಬಂಡೆಯ ಅಡಿಗೆ ಎಳೆದುಕೊಳ್ಳುತ್ತದೆ. ಜೀವಗಳು ಹೋಗಿವೆ. ಬೇಟೆನಾಯಿಯ ಜೊತೆ ಹಾರಲು ಹೋಗಿ ಮುಳುಗಿದ ಜಮೀನ್ದಾರರ ಮನೆ ಹುಡುಗನ ಕಥೆಯನ್ನು ಇಲ್ಲಿ ನೂರಾರು ವರ್ಷಗಳಿಂದ ಹೇಳುತ್ತಾರೆ. ಬಂಡೆಗಳ ಮೇಲೆ ಪಾಚಿ, ಯಾವಾಗಲೂ ಒದ್ದೆ. ದಾರಿಯಿಂದಲೇ ನೋಡಿ. ಫೋಟೋಗಾಗಿ ಯಾರೂ ಅಂಚಿಗೆ ಇಳಿಯಬೇಡಿ. ಕೈ ಬಿಡಿಸಿಕೊಂಡು ಓಡುವ ವಯಸ್ಸಿನ ಮಗುವಿದ್ದರೆ ಸ್ಟ್ರಿಡ್ ಬಿಟ್ಟುಬಿಡಿ. ಕ್ಯಾವೆಂಡಿಶ್ ಪೆವಿಲಿಯನ್ ಅನ್ನೋ ಕೆಫೆಯವರೆಗೆ ನಡೆದು, ಏನಾದರೂ ತಿಂದು ವಾಪಸ್ ಬಂದರೆ ಸಾಕು. ಆ ನಡಿಗೆಯೂ ಚೆನ್ನಾಗಿದೆ.

ಮಾಲಮ್ ಬೇರೆಯದೇ ತರಹ. ಇಲ್ಲಿ ಎಸ್ಟೇಟು ಇಲ್ಲ, ಗೇಟಿನಲ್ಲಿ ಟಿಕೆಟ್ಟಿಲ್ಲ. ಪುಟ್ಟ ಹಳ್ಳಿ, ಕುರಿ, ಕಲ್ಲುಗೋಡೆ, ಹಿಂದೆ ಮಾಲಮ್ ಕೋವ್. ಸುಣ್ಣಕಲ್ಲಿನ ಅರ್ಧಚಂದ್ರಾಕಾರದ ಬಂಡೆಗೋಡೆ ಅದು, ಸುಮಾರು 80 ಮೀಟರ್ ಎತ್ತರ, 300 ಮೀಟರ್ ಅಗಲ. ಯಾಣ ನೋಡಿದವರಿಗೆ ಸುಣ್ಣಕಲ್ಲು ಆಕಾಶಕ್ಕೆ ಎದ್ದು ನಿಂತದ್ದು ಹೊಸದಲ್ಲ. ಅಲ್ಲಿ ಬಂಡೆ ಶಿಖರವಾಗಿ ಎದ್ದಿದೆ, ಇಲ್ಲಿ ಗೋಡೆಯಾಗಿ ಹರಡಿದೆ. ಹಿಮಯುಗ ಮುಗಿಯುವಾಗ ಕರಗಿದ ಹಿಮದ ನೀರು ಈ ಗೋಡೆಯ ಮೇಲಿಂದ ಧುಮುಕುತ್ತಿತ್ತು. ಈಗ ಮೇಲೆ ನೀರಿಲ್ಲ. 2015ರ ಡಿಸೆಂಬರ್‌ನ ಬಿರುಗಾಳಿ ಮಳೆಯಲ್ಲಿ ಸ್ವಲ್ಪ ಹೊತ್ತು ಮತ್ತೆ ಜಲಪಾತವಾಗಿ ಸುರಿದಿತ್ತು, ಎಷ್ಟೋ ಕಾಲದ ಮೇಲೆ. ಗೋಡೆಯ ಬುಡದಿಂದ ಒಂದು ತೊರೆ ಹೊರಬರುತ್ತದೆ. ಮೇಲಿನ ಮಾಲಮ್ ಟಾರ್ನ್ ಕೆರೆಯ ನೀರೇ ಅದು ಅಂದುಕೊಳ್ಳುತ್ತೇವೆ. ಆದರೆ ಕೆರೆಯ ನೀರು ನೆಲದೊಳಗೆ ಇಳಿದು ಬೇರೆ ದಾರಿ ಹಿಡಿದು ಹಳ್ಳಿಯ ಕೆಳಗೆ ಏಳುತ್ತದೆ. ಬಣ್ಣ ಬಿಟ್ಟು ಪರೀಕ್ಷೆ ಮಾಡಿ ಇದನ್ನು ಕಂಡುಕೊಂಡಿದ್ದಾರೆ. ಎಂಟು-ಹತ್ತು ವರ್ಷದ ಮಕ್ಕಳಿಗೆ ಹೇಳಿ ನೋಡಿ, ಮನೆ ಸೇರುವವರೆಗೂ ಪ್ರಶ್ನೆ ಕೇಳುತ್ತಿರುತ್ತಾರೆ.

ಹಳ್ಳಿಯಿಂದ ಕೋವ್‌ನ ಬುಡದವರೆಗೆ ಸುಮಾರು ಒಂದು ಮೈಲಿ. ದಾರಿ ಹೆಚ್ಚುಕಡಿಮೆ ಸಮತಟ್ಟು. ಗಟ್ಟಿ ಚಕ್ರದ ಪ್ರಾಮ್ ಆದರೆ ಹೋಗುತ್ತದೆ. ನಿಧಾನವಾಗಿ ನಡೆಯುವ ಹಿರಿಯರೂ ಬರಬಹುದು. ಅಲ್ಲಿಂದ ಮೇಲಕ್ಕೆ ಸುಮಾರು 400 ಮೆಟ್ಟಿಲು. ಎತ್ತರ ಒಂದೊಂದೂ ಒಂದೊಂದು ತರಹ, ಮಂಡಿಗೆ ಕಷ್ಟ. ಹತ್ತಿದವರಿಗೆ ಮೇಲೆ ಸಿಗುವುದು ಸುಣ್ಣಕಲ್ಲಿನ ಹಾಸು. ಇಡೀ ಬಂಡೆ ಚಪ್ಪಡಿ ಚಪ್ಪಡಿಯಾಗಿ ಸೀಳಿ, ಸೀಳುಗಳ ಒಳಗೆ ಕತ್ತಲು. ಬಗ್ಗಿ ನೋಡಿದರೆ ಒಳಗೆ ಹಸಿರು ಜರೀಗಿಡಗಳು, ನಾಲಿಗೆ ಚಾಚಿದಂಥ ಎಲೆಗಳು. ಕುರಿಯ ಬಾಯಿಗೆ ಸಿಗದೆ, ಗಾಳಿಗೂ ಸಿಗದೆ ತಂಪಾಗಿ ಬೆಳೆದುಕೊಂಡಿರುತ್ತವೆ. ಮಕ್ಕಳಿಗೆ ಚಪ್ಪಡಿಯಿಂದ ಚಪ್ಪಡಿಗೆ ಹಾರೋ ಆಸೆ. ಒಣಗಿದ್ದರೆ ಸರಿ, ಮಳೆ ಬಿದ್ದರೆ ಕಲ್ಲು ಸಾಬೂನು ಹಚ್ಚಿದಷ್ಟು ಜಾರುತ್ತದೆ, ಕಾಲು ಸೀಳಿಗೆ ಸಿಕ್ಕರೆ ಉಳುಕುತ್ತದೆ. ಆ ಕಡೆ ಗೋಡೆಯ ಅಂಚಿಗೆ ಬೇಲಿಯೂ ಇಲ್ಲ. ಆರು ವರ್ಷದೊಳಗಿನವರನ್ನು ಮೇಲೆ ಕರೆದೊಯ್ಯಬೇಡಿ ಅನ್ನೋದು ನನ್ನ ಅಭಿಪ್ರಾಯ.

ಚಿಕ್ಕ ಮಕ್ಕಳಿದ್ದೂ ಮಾಲಮ್ ನೋಡಲೇಬೇಕು ಅಂದರೆ ಕೋವ್ ಬುಡ ನೋಡಿ, ಆಮೇಲೆ ಜಾನೆಟ್ಸ್ ಫಾಸ್ ಕಡೆ ಹೋಗಿ. ಹೊಲಗಳ ನಡುವೆ, ಆಮೇಲೆ ಕಾಡಿನೊಳಗೆ ಸಣ್ಣ ನಡಿಗೆ. ಕೊನೆಗೆ ಪುಟ್ಟ ಜಲಪಾತ, ಕೆಳಗೆ ಗುಂಡಿ. ಜಲಪಾತದ ಹಿಂದಿನ ಗವಿಯಲ್ಲಿ ಯಕ್ಷಿಣಿಯರ ರಾಣಿ ಇದ್ದಾಳೆ ಅಂತ ಊರಿನವರ ಕಥೆ. ಮೊದಲೆಲ್ಲ ಕುರಿಗಳ ಉಣ್ಣೆ ಕತ್ತರಿಸುವ ಮುಂಚೆ ಇದೇ ಗುಂಡಿಯಲ್ಲಿ ಅವುಗಳ ಮೈ ತೊಳೆಯುತ್ತಿದ್ದರು. ಇನ್ನೂ ಮುಂದೆ ಹೋದರೆ ಗೋರ್ಡೇಲ್ ಸ್ಕಾರ್ ಅನ್ನೋ ಕಮರಿ. ಅದರ ಒಳಗೆ ನಿಂತು ತಲೆ ಎತ್ತಿದರೆ ಎರಡೂ ಕಡೆಯ ಬಂಡೆ ಮೈಮೇಲೆ ಬಾಗಿದ ಹಾಗೆ ಕಾಣುತ್ತದೆ. ಬುಡದವರೆಗೆ ದಾರಿ ಸಲೀಸು. ಜಲಪಾತದ ಪಕ್ಕ ಬಂಡೆ ಹತ್ತುವವರು ಕಾಣುತ್ತಾರೆ, ಮಕ್ಕಳ ಜೊತೆ ಅದು ಬೇಡ. ಕೋವ್, ಕಮರಿ, ಜಲಪಾತ ಮೂರನ್ನೂ ಒಂದೇ ಸುತ್ತಿನಲ್ಲಿ ಮುಗಿಸಬೇಕಾದರೆ ಮಕ್ಕಳ ಜೊತೆ ಅರ್ಧ ದಿನವೇ ಬೇಕು. ಹತ್ತು ದಾಟಿದ ಮಕ್ಕಳು, ನಡೆಯೋ ಅಭ್ಯಾಸ ಇರೋ ಅಪ್ಪ-ಅಮ್ಮ ಆದರೆ, ಕಣ್ಣು ಮುಚ್ಚಿ ಮಾಲಮ್ ಆರಿಸಿ. ಅದರ ಮುಂದೆ ಬೋಲ್ಟನ್ ಅಬ್ಬೆ ಪಾರ್ಕಿನ ಹಾಗೆ ಕಾಣುತ್ತದೆ.

ಬೇಸಿಗೆ ಭಾನುವಾರ ಮಾಲಮ್ ಕಾರ್ ಪಾರ್ಕ್ ಬೇಗ ತುಂಬುತ್ತದೆ. ಆಮೇಲೆ ಬಂದವರು ರಸ್ತೆ ಬದಿ ಉದ್ದಕ್ಕೂ ನಿಲ್ಲಿಸಿರುತ್ತಾರೆ. ಹಳ್ಳಿಯವರ ಟ್ರ್ಯಾಕ್ಟರ್ ಓಡಾಡಲೂ ಜಾಗವಿರುವುದಿಲ್ಲ. ಹತ್ತು ಗಂಟೆಯೊಳಗೆ ತಲುಪಿ, ಇಲ್ಲವೇ ಶಾಲೆ ರಜೆಯ ವಾರದ ನಡುವಿನ ದಿನ ಹೋಗಿ. ಮೊಬೈಲ್ ಸಿಗ್ನಲ್ ನಂಬಬೇಡಿ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ.

ಕಾರಿಲ್ಲವೇ? ಸ್ಕಿಪ್ಟನ್ ಊರೇ ಸಾಕು

ಹೊಸದಾಗಿ ಬಂದವರಿಗೆ, ಡ್ರೈವಿಂಗ್ ಲೈಸೆನ್ಸ್ ಇನ್ನೂ ಸಿಗದವರಿಗೆ ಈ ದೇಶದಲ್ಲಿ ಹಳ್ಳಿ ಕಡೆ ಹೋಗುವುದು ಕಷ್ಟ. ಮಾಲಮ್ ಕಡೆಗೆ ಬಸ್ ಇದ್ದರೂ ಬಹಳ ಕಡಿಮೆ. ಒಂದು ತಪ್ಪಿಸಿಕೊಂಡರೆ ಗಂಟೆಗಟ್ಟಲೆ ಕಾಯಬೇಕು. ಅಂಥವರಿಗೆ ನನ್ನ ಸಲಹೆ ಸ್ಕಿಪ್ಟನ್ ಊರೇ. ಸ್ಟೇಷನ್ನಿನಿಂದ ನಡೆದುಕೊಂಡೇ ಎಲ್ಲ ಸಿಗುತ್ತದೆ.

ಕೋಟೆಗೆ ಟಿಕೆಟ್ ಇದೆ. 1090ರ ಸುಮಾರಿಗೆ ನಾರ್ಮನ್ ದೊರೆಗಳ ಕಾಲದಲ್ಲಿ ಶುರುವಾದದ್ದು, 1310ರಿಂದ ಕ್ಲಿಫರ್ಡ್ ಮನೆತನದ ಕೈಯಲ್ಲಿತ್ತು. ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ರಾಜನ ಕಡೆ ನಿಂತು ಮೂರು ವರ್ಷ ಮುತ್ತಿಗೆ ತಡೆದು, 1645ರ ಡಿಸೆಂಬರ್‌ನಲ್ಲಿ ಶರಣಾಯಿತು. ಫಿರಂಗಿ ಗುಂಡಿನ ಏಟು ತಗ್ಗಿಸೋದಕ್ಕೆ ಗೋಡೆಗಳ ಮೇಲೆ ಕುರಿಯುಣ್ಣೆ ನೇತುಹಾಕಿದ್ದರು ಅಂತ ಊರಿನವರು ಹೇಳುತ್ತಾರೆ. ಯುದ್ಧದ ನಂತರ ಲೇಡಿ ಆನ್ ಕ್ಲಿಫರ್ಡ್ ಅನ್ನೋ ಹೆಣ್ಣುಮಗಳು ಕೋಟೆಯನ್ನು ಮತ್ತೆ ಕಟ್ಟಿಸಿದಳು. ತಂದೆಯ ಆಸ್ತಿಗಾಗಿ ದಶಕಗಟ್ಟಲೆ ಹೋರಾಡಿದವಳು ಆಕೆ. ಒಳಗಿನ ಅಂಗಳದಲ್ಲಿ ಆಕೆ 1659ರಲ್ಲಿ ನೆಟ್ಟ ಯೂ ಮರ ಇವತ್ತಿಗೂ ಇದೆ. ಅದರ ಕೆಳಗೆ ಒಂದಷ್ಟು ಹೊತ್ತು ನಿಲ್ಲಿ. ಈ ಕೋಟೆಯ ವಿಶೇಷ ಅಂದರೆ ಚಾವಣಿ ಪೂರ್ತಿ ಉಳಿದಿರುವುದು. ಇಂಗ್ಲೆಂಡಿನ ಎಷ್ಟೋ ಕೋಟೆಗಳಲ್ಲಿ ಮಳೆ ನೇರ ತಲೆ ಮೇಲೆ ಬೀಳುತ್ತದೆ. ಇಲ್ಲಿ ಮಳೆ ದಿನವೂ ಕೋಣೆಯಿಂದ ಕೋಣೆಗೆ ಹೋಗಬಹುದು. ಕೋಣೆಗಳಲ್ಲಿ ಮೇಜು-ಕುರ್ಚಿ ಏನೂ ಇಲ್ಲ. ಅರಮನೆ ನೋಡುವ ಆಸೆಯಿಂದ ಬಂದ ಹಿರಿಯರಿಗೆ ಬರೀ ಕಲ್ಲು ಅನ್ನಿಸಬಹುದು. ಮಕ್ಕಳಿಗೆ ಅಡುಗೆಮನೆಯ ದೊಡ್ಡ ಒಲೆ, ಸೆರೆಮನೆಯ ಕತ್ತಲು, ಬಾಣ ಬಿಡುವ ಕಿಂಡಿ ಸಾಕು. ಮೆಟ್ಟಿಲುಗಳು ಸವೆದಿವೆ, ಪ್ರಾಮ್ ಒಯ್ಯಬೇಡಿ.

ಕೋಟೆಗೆ ಹಣ ಕೊಡುವ ಮನಸ್ಸಿಲ್ಲದಿದ್ದರೆ ಅದರ ಹಿಂದಿನ ಸ್ಕಿಪ್ಟನ್ ಕಾಡಿಗೆ ಹೋಗಿ. ಅದು ಉಚಿತ. ಕೋಟೆಯ ಬಂಡೆಯ ಕೆಳಗೇ ಒಂದು ಕವಲು ಕಾಲುವೆ ಇದೆ. 18ನೇ ಶತಮಾನದಲ್ಲಿ ಹಿಂದಿನ ಗಣಿಯಿಂದ ಸುಣ್ಣಕಲ್ಲು ಸಾಗಿಸೋದಕ್ಕೆ ತೋಡಿದ್ದು. ಅದರ ಪಕ್ಕದ ದಾರಿಯಲ್ಲಿ ಹೋದರೆ ಕಾಡು. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ನೆಲದ ತುಂಬ ಬ್ಲೂಬೆಲ್ ಹೂವು, ಕಾಡು ಬೆಳ್ಳುಳ್ಳಿ. ಒಗ್ಗರಣೆ ಹಾಕಿದ ಮನೆಗೆ ಬಂದ ಹಾಗೆ ಘಮ್ ಅನ್ನುತ್ತದೆ. ಕೋಟೆ ಮತ್ತು ಕಾಡಿನಲ್ಲಿ ಒಂದೇ ಅಂದರೆ, ಮೇ ತಿಂಗಳಲ್ಲಿ ನಾನು ಕಾಡನ್ನೇ ಆರಿಸುತ್ತೇನೆ. ನವೆಂಬರ್ ಆದರೆ ಕೋಟೆ.

ಇನ್ನು ಕಾಲುವೆ. ಲೀಡ್ಸ್-ಲಿವರ್‌ಪೂಲ್ ಕಾಲುವೆ 127 ಮೈಲಿ ಉದ್ದ. 1770ರಲ್ಲಿ ಕೆಲಸ ಶುರುವಾಗಿ 1816ರಲ್ಲಿ ಮುಗಿಯಿತು. ಸ್ಕಿಪ್ಟನ್-ಬಿಂಗ್ಲಿ ನಡುವಿನ ಭಾಗ 1773ರಲ್ಲೇ ತೆರೆದಿತ್ತು. ಪಕ್ಕದ ದಾರಿ ಪೂರ್ತಿ ಸಮತಟ್ಟು, ಏರಿಲ್ಲ ಇಳಿವಿಲ್ಲ. ಮಂಡಿ ನೋವಿನವರಿಗೆ ಈ ಸುತ್ತಿನಲ್ಲೇ ಇದು ಅತ್ಯಂತ ಹಿತವಾದ ನಡಿಗೆ. ಬಣ್ಣ ಬಣ್ಣದ ಉದ್ದ ದೋಣಿಗಳು ನಿಂತಿರುತ್ತವೆ, ಬಾತುಕೋಳಿ ಈಜುತ್ತಿರುತ್ತವೆ. ದೋಣಿ ಬಂದಾಗ ಸೇತುವೆಯನ್ನೇ ಪಕ್ಕಕ್ಕೆ ತಿರುಗಿಸಿ ದಾರಿ ಬಿಡುತ್ತಾರೆ. ಅದನ್ನು ನೋಡೋದೇ ಮಕ್ಕಳಿಗೆ ಆಟ. ಅರ್ಧ ಗಂಟೆಯ ದೋಣಿ ಸುತ್ತೂ ಇದೆ. ಕೂತಲ್ಲೇ ಊರು ನೋಡಿದ ಹಾಗಾಗುತ್ತದೆ.

ಅಲ್ಲೇ ಕಾಲುವೆ ಪಕ್ಕ ಇಂಗ್ಲೆಂಡಿನ ವೇಗದ ಬೌಲರ್ ಫ್ರೆಡ್ ಟ್ರೂಮನ್ ಪ್ರತಿಮೆ ಇದೆ, ಚೆಂಡು ಎಸೆಯುವ ಭಂಗಿಯಲ್ಲಿ. ಕ್ರಿಕೆಟ್ ಹುಚ್ಚಿನ ಮಾವನೋ ಅಜ್ಜನೋ ಜೊತೆಗಿದ್ದರೆ ಇಲ್ಲಿಗೆ ಕರೆದುಕೊಂಡು ಬನ್ನಿ. 1952ರಲ್ಲಿ ಲೀಡ್ಸ್‌ನ ಹೆಡಿಂಗ್ಲಿಯಲ್ಲಿ ಟ್ರೂಮನ್‌ಗೆ ಮೊದಲ ಟೆಸ್ಟ್. ಎರಡನೇ ಇನಿಂಗ್ಸ್‌ನಲ್ಲಿ ಭಾರತ ಒಂದೂ ರನ್ ಮಾಡದೆ ನಾಲ್ಕು ವಿಕೆಟ್ ಕಳೆದುಕೊಂಡಿತ್ತು. ಅದರಲ್ಲಿ ಮೂರು ಇವರ ಪಾಲು: ಪಂಕಜ್ ರಾಯ್, ಮಾಧವ ಮಂತ್ರಿ, ವಿಜಯ್ ಮಂಜ್ರೇಕರ್. ಟೆಸ್ಟ್‌ನಲ್ಲಿ 300 ವಿಕೆಟ್ ಪಡೆದ ಮೊದಲಿಗರೂ ಇವರೇ. ಸೊನ್ನೆಗೆ ನಾಲ್ಕು ಅನ್ನೋ ಸ್ಕೋರು ಕೇಳಿ ಬೆಳೆದ ತಲೆಮಾರಿಗೆ ಈ ಪ್ರತಿಮೆಯ ಎದುರು ಹೇಳೋದಕ್ಕೆ ಮಾತು ಬೇಕಾದಷ್ಟಿರುತ್ತದೆ.

ರೈಲಿನಲ್ಲಿ ಬರುವವರು ಫ್ಯಾಮಿಲಿ ಆ್ಯಂಡ್ ಫ್ರೆಂಡ್ಸ್ ರೈಲ್‌ಕಾರ್ಡ್ ಮಾಡಿಸಿಕೊಳ್ಳಿ. ದೊಡ್ಡವರ ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ, 5ರಿಂದ 15 ವರ್ಷದ ಮಕ್ಕಳ ಟಿಕೆಟ್‌ನಲ್ಲಿ 60 ಶೇಕಡಾ ಕಡಿತ. ಒಂದೇ ಕಾರ್ಡಿನಲ್ಲಿ ನಾಲ್ವರು ದೊಡ್ಡವರು, ನಾಲ್ವರು ಮಕ್ಕಳವರೆಗೆ ಹೋಗಬಹುದು. ಒಂದು ಮಗುವಾದರೂ ಜೊತೆಗಿರಬೇಕು. ಊರಿಂದ ಬಂದ ಅಪ್ಪ-ಅಮ್ಮನಿಗೂ ಇದರಲ್ಲೇ ಆಗುತ್ತದೆ.

ಉಗಿಬಂಡಿ ಹತ್ತೋದಾದರೆ

ಇಲ್ಲಿ ಮೂರು ದಾರಿ ಇದೆ. ಸ್ಕಿಪ್ಟನ್ ಪಕ್ಕದ ಎಂಬ್ಸೆಯಿಂದ ಬೋಲ್ಟನ್ ಅಬ್ಬೆಗೆ 4 ಮೈಲಿಯ ಉಗಿಬಂಡಿ. ಹಳೆಯ ಮಿಡ್‌ಲ್ಯಾಂಡ್ ರೈಲ್ವೆ ಮಾರ್ಗ, 1965ರಲ್ಲಿ ಮುಚ್ಚಿದ್ದನ್ನು ಸ್ವಯಂಸೇವಕರು ಮತ್ತೆ ಎಬ್ಬಿಸಿದ್ದಾರೆ. ಪಯಣ ಚಿಕ್ಕದು. ಮೂರು-ನಾಲ್ಕು ವರ್ಷದ ಮಕ್ಕಳಿಗೆ ಬೇಸರ ಬರುವ ಮುಂಚೆ ಮುಗಿಯುತ್ತದೆ. ಬೋಲ್ಟನ್ ಅಬ್ಬೆ ಸ್ಟೇಷನ್ನಿನಿಂದ ಮಠಕ್ಕೆ ಒಂದೂವರೆ ಮೈಲಿಯಷ್ಟು ನಡಿಗೆ ಇದೆ ಅನ್ನೋದು ನೆನಪಿರಲಿ. ಸ್ಟೇಷನ್ ಹೆಸರು ನೋಡಿ ಇಳಿದ ಕೂಡಲೇ ಹೊಳೆ ಅಂದುಕೊಂಡರೆ ಮಕ್ಕಳ ಮುಖ ಬಾಡುತ್ತದೆ.

ಕಾರಿಲ್ಲದವರಿಗೆ ಕೀತ್ಲಿಯಿಂದ ಹೊರಡುವ ವರ್ತ್ ವ್ಯಾಲಿ ಉಗಿಬಂಡಿ ವಾಸಿ. ಲೀಡ್ಸ್-ಸ್ಕಿಪ್ಟನ್ ಮಾರ್ಗದ ಕೀತ್ಲಿ ಸ್ಟೇಷನ್ನಿನಲ್ಲೇ ಪ್ಲಾಟ್‌ಫಾರ್ಮ್ ಬದಲಿಸಿದರೆ ಸಾಕು. 5 ಮೈಲಿ ದೂರ, ಆರು ನಿಲ್ದಾಣ, ನಡುವೆ ಕಾದಂಬರಿ ಬರೆದು ಹೆಸರಾದ ಬ್ರಾಂಟೆ ಸಹೋದರಿಯರ ಊರಾದ ಹಾವರ್ತ್. ಹಾವರ್ತ್ ಬೀದಿ ಕಲ್ಲು ಹಾಸಿದ ಕಡಿದಾದ ಏರು, ಹಿರಿಯರಿಗೆ ಸುಸ್ತಾಗುತ್ತದೆ. ಎರಡೂ ಕಡೆ ಬಂಡಿ ದಿನಾ ಓಡುವುದಿಲ್ಲ. ವೇಳಾಪಟ್ಟಿ ನೋಡಿಯೇ ಹೊರಡಿ.

ಮೂರನೆಯದು ಮಾಮೂಲಿ ಡೀಸೆಲ್ ರೈಲು, ಆದರೆ ದಾರಿ ಮಾಮೂಲಿಯಲ್ಲ. ಸ್ಕಿಪ್ಟನ್‌ನಲ್ಲಿ ಕಾರ್ಲೈಲ್ ರೈಲು ಹತ್ತಿ ರಿಬಲ್‌ಹೆಡ್‌ನಲ್ಲಿ ಇಳಿಯಿರಿ. ಮರವಿಲ್ಲದ ಬಯಲಿನ ನಡುವೆ 24 ಕಮಾನಿನ ಕಲ್ಲಿನ ಸೇತುವೆ, 400 ಮೀಟರ್ ಉದ್ದ, 32 ಮೀಟರ್ ಎತ್ತರ. 1870ರ ದಶಕದಲ್ಲಿ ಇದನ್ನು ಕಟ್ಟಿದ ಕೂಲಿಗಳು ಹೆಂಡತಿ-ಮಕ್ಕಳ ಜೊತೆ ಇದೇ ಬಯಲಿನ ಗುಡಿಸಲುಗಳಲ್ಲಿ ಇದ್ದರು. ಎಷ್ಟೋ ಜನ ಇಲ್ಲೇ ತೀರಿಕೊಂಡರು. 1980ರ ದಶಕದಲ್ಲಿ ಸರ್ಕಾರ ಈ ಮಾರ್ಗವನ್ನೇ ಮುಚ್ಚಲು ಹೊರಟಿತ್ತು. ಜನ ಬಿಡಲಿಲ್ಲ, 1989ರಲ್ಲಿ ಉಳಿಯಿತು. ರೈಲಿನಲ್ಲೇ ಕೂತು ದಾಟಿದರೆ ಸೇತುವೆ ಕಾಣುವುದಿಲ್ಲ, ಕಾಲ ಕೆಳಗೆ ಇರುತ್ತದೆ ಅಷ್ಟೇ. ಇಳಿದು ಸ್ವಲ್ಪ ನಡೆದು ಕೆಳಗಿನಿಂದ ನೋಡಬೇಕು. ಗಾಳಿ ಜೋರು, ಜುಲೈನಲ್ಲೂ ಹಿರಿಯರಿಗೆ ಸ್ವೆಟರ್, ಟೋಪಿ ಇರಲಿ. ಮುಂದಿನ ರೈಲಿಗೆ ಎರಡು-ಮೂರು ಗಂಟೆ ಅಂತರ ಇರಬಹುದು, ವಾಪಸ್ ಸಮಯ ಮೊದಲೇ ಬರೆದಿಟ್ಟುಕೊಳ್ಳಿ. ಚಿಕ್ಕ ಮಕ್ಕಳಿಗೆ ಉಗಿಬಂಡಿ, ಹಿರಿಯರಿಗೆ ಈ ಪಯಣ. ಕಿಟಕಿ ಪಕ್ಕ ಕೂತು ಬೆಟ್ಟ ನೋಡುತ್ತಾ ಹೋಗೋದು ನಡೆಯಲಾರದವರಿಗೆ ಸಿಗುವ ದೊಡ್ಡ ಖುಷಿ.

ಜಲಪಾತವೋ, ಗುಹೆಯೋ?

ಎರಡೂ ಇಂಗಲ್ಟನ್ ಕಡೆ ಇವೆ, ಸ್ಕಿಪ್ಟನ್‌ನಿಂದ ಸುಮಾರು 25 ಮೈಲಿ. ಜಲಪಾತಗಳ ದಾರಿಗೆ ಟಿಕೆಟ್ ಇದೆ. 1885ರಿಂದಲೂ ಜನ ಬರುತ್ತಿದ್ದಾರೆ. ನಾಲ್ಕೂವರೆ ಮೈಲಿ ಸುತ್ತು, ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಒಂದಾದ ಮೇಲೊಂದು ಜಲಪಾತ, ಅದರಲ್ಲಿ ಥಾರ್ನ್‌ಟನ್ ಫೋರ್ಸ್ ಚೆಲುವಿನದು. ಜೋಗ ನೋಡಿದವರು ಎತ್ತರ ಲೆಕ್ಕ ಹಾಕಬೇಡಿ, 14 ಮೀಟರ್ ಅಷ್ಟೇ. ಹತ್ತಿರ ಹೋಗಿ ನಿಲ್ಲಬಹುದು ಅನ್ನೋದೇ ಇದರ ಸೊಗಸು. ಮಳೆ ಬಂದ ಮಾರನೇ ದಿನ ನೀರು ಚೆನ್ನಾಗಿರುತ್ತದೆ, ಮೆಟ್ಟಿಲು ಜಾರುತ್ತವೆ. ನಡೆಯೋ ಮಕ್ಕಳಿಗೆ ಮಾತ್ರ. ಪ್ರಾಮ್ ಇದ್ದರೆ, ಮಂಡಿ ನೋವಿದ್ದರೆ ಬೇಡವೇ ಬೇಡ.

ಇಡೀ ದಿನ ಮಳೆ ಅಂತ ಹವಾಮಾನ ವರದಿ ಹೇಳಿದರೆ ಗುಹೆಗೆ ಹೋಗಿ. ಒಳಗೆ ವರ್ಷವಿಡೀ ಒಂದೇ ತಂಪು, ಸುಮಾರು 8 ಡಿಗ್ರಿ. 1923ರಲ್ಲಿ ಪತ್ತೆಯಾದ ವೈಟ್ ಸ್ಕಾರ್ ದೊಡ್ಡದು. ಗೈಡ್ ಜೊತೆ ಹೋಗಬೇಕು, ಕೆಲವೆಡೆ ಬಗ್ಗಿ ನಡೆಯಬೇಕು. ದೊಡ್ಡ ಮಕ್ಕಳಿಗೆ ಅದು. ಕ್ಲ್ಯಾಪಮ್ ಹಳ್ಳಿಯ ಇಂಗಲ್‌ಬರೋ ಗುಹೆಗೆ ಕಾಡಿನ ದಾರಿಯಲ್ಲಿ ಒಂದು ಮೈಲಿಗಿಂತ ಸ್ವಲ್ಪ ಜಾಸ್ತಿ ನಡೆಯಬೇಕು. ಒಳಗಿನ ದಾರಿ ಸಲೀಸು. ಮಳೆ ತಪ್ಪಿಸಿಕೊಳ್ಳಲು ಹೊರಟವರು ಆ ಒಂದು ಮೈಲಿ ನೆನೆಯುತ್ತಾರೆ, ಅದು ನೆನಪಿರಲಿ. ಗ್ರಾಸಿಂಗ್‌ಟನ್ ಆಚೆಯ ಸ್ಟಂಪ್ ಕ್ರಾಸ್ ಗುಹೆ ಚಿಕ್ಕ ಮಕ್ಕಳಿಗೆ ಸರಿಯಾದ ಅಳತೆ. ಸೀಸದ ಗಣಿ ಕೆಲಸಗಾರರು ಕಂಡುಹಿಡಿದದ್ದು ಅದು.

ಬುತ್ತಿ ಕಟ್ಟಿಕೊಳ್ಳಿ

ಕೆಫೆಗಳಲ್ಲಿ ಸಸ್ಯಾಹಾರಿಗಳಿಗೆ ಚೀಸ್ ಸ್ಯಾಂಡ್‌ವಿಚ್, ಬೇಯಿಸಿದ ಇಡೀ ಆಲೂಗಡ್ಡೆ, ಬೀನ್ಸ್ ಸಿಗುತ್ತದೆ. ಅಪ್ಪ-ಅಮ್ಮನಿಗೆ ಅದು ಊಟ ಅನ್ನಿಸುವುದಿಲ್ಲ. ಪುಳಿಯೋಗರೆ, ಚಪಾತಿ-ಪಲ್ಯ, ಮೊಸರನ್ನ ಡಬ್ಬಿಗೆ ಹಾಕಿಕೊಳ್ಳಿ. ಫ್ಲಾಸ್ಕಿನಲ್ಲಿ ಬಿಸಿ ಕಾಫಿ. ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಯಾರ್ಕ್‌ಶೈರ್‌ನ ಬಹಳಷ್ಟು ಫಿಶ್ ಆ್ಯಂಡ್ ಚಿಪ್ಸ್ ಅಂಗಡಿಗಳಲ್ಲಿ ಚಿಪ್ಸ್ ಕರಿಯುವುದು ದನದ ಕೊಬ್ಬಿನಲ್ಲಿ. ಬರೀ ಆಲೂಗಡ್ಡೆ ತಾನೇ ಅಂತ ಅಮ್ಮನಿಗೆ ಕೊಡಿಸುವ ಮುಂಚೆ ಯಾವುದರಲ್ಲಿ ಕರಿಯುತ್ತೀರಿ ಅಂತ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಯಾವಾಗ?

ಮೇ ತಿಂಗಳು ಎಲ್ಲದಕ್ಕೂ ಮೇಲು. ಕಾಡಿನಲ್ಲಿ ಹೂವು, ಹೊಲದಲ್ಲಿ ಕುರಿಮರಿ, ಕೋವ್ ಮೇಲೆ ಗೂಡು ಕಟ್ಟಿದ ಪೆರೆಗ್ರಿನ್ ಡೇಗೆಗಳು. ಕತ್ತಲಾಗುವುದೇ ಒಂಬತ್ತರ ಮೇಲೆ, ಆತುರವಿಲ್ಲ. ಮೇ ಕೊನೆಯ ಮತ್ತು ಆಗಸ್ಟ್ ಕೊನೆಯ ಬ್ಯಾಂಕ್ ಹಾಲಿಡೇ ಸೋಮವಾರಗಳನ್ನು ಮಾತ್ರ ಬಿಟ್ಟುಬಿಡಿ, ರಸ್ತೆಯಲ್ಲೇ ದಿನ ಹೋಗುತ್ತದೆ. ಹೊಲ ದಾಟುವಾಗ ತೆರೆದ ಗೇಟು ಮತ್ತೆ ಮುಚ್ಚಿ. ಕರು ಜೊತೆಗಿರುವ ಹಸುವಿನ ಹತ್ತಿರ ಮಕ್ಕಳನ್ನು ಬಿಡಬೇಡಿ. ಇಲ್ಲಿನ ಹಸು ನಮ್ಮೂರಿನ ಬೀದಿ ಹಸುವಿನ ಹಾಗೆ ಜನರಿಗೆ ಒಗ್ಗಿಕೊಂಡಿರುವುದಿಲ್ಲ.

ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲು. ಆಗ ಮಾಲಮ್, ಇಂಗಲ್ಟನ್ ಬೇಡ, ಸ್ಕಿಪ್ಟನ್ ಊರಲ್ಲೇ ಇರಿ. ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ ಹೈ ಸ್ಟ್ರೀಟ್ ಉದ್ದಕ್ಕೂ ಸಂತೆ ಇರುತ್ತದೆ. ಬೆಳಿಗ್ಗೆ ಕೋಟೆ ನೋಡಿ, ಸಂತೆಯಲ್ಲಿ ಅಮ್ಮನಿಗೊಂದು ಉಣ್ಣೆಯ ಕಾಲುಚೀಲ ಕೊಳ್ಳಿ. ಮೂರು ಗಂಟೆಯ ಹೊತ್ತಿಗೆಲ್ಲ ಲೀಡ್ಸ್ ರೈಲಿನಲ್ಲಿದ್ದರೆ ಸೀಟು ಸಿಗುತ್ತದೆ.